ಆಗಮನ ಕಾಲದಲ್ಲಿ ಯೇಸುವಿನ ಪೂರ್ವಜರು: ನುಗ್ಗೆ ಕೊಂಬೆ, ಕರಟದ ಬಿಲ್ಲೆ ಮತ್ತು ಮತ್ತಾಯನ ವಂಶಾವಳಿ

ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ದಿನಗಳಾದ ಆಗಮನ ಕಾಲ ವರ್ಷಕ್ಕನುಸಾರ 22ರಿಂದ 28 ದಿನ ಇರುತ್ತದೆ. ಕಾರವಾರದ ನಮ್ಮ ಮನೆಯಲ್ಲಿ ಆ ಸಂಜೆಗಳಲ್ಲಿ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದ ಕೂಡಲೇ ಕಾಲು ಗಂಟೆ ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿರುವ ಯೇಸುವಿನ ವಂಶಾವಳಿಗೆ ಮೀಸಲು. ಅದಕ್ಕಿಂತ ಉದ್ದವಾದರೆ ಮಕ್ಕಳು ತೂಕಡಿಸುತ್ತಾರೆ. ಪಟ್ಟಿಯಲ್ಲಿರುವ ಎಲ್ಲರನ್ನೂ ಹಿಡಿಯಲು ಹೋಗಬಾರದು. ವಾರಕ್ಕೆ ಮೂವರು ಸಾಕು. ಉಳಿದ ಸಂಜೆಗಳಲ್ಲಿ ಅದೇ ಓದನ್ನು ಬೇರೆಯವರ ಬಾಯಲ್ಲಿ ಮತ್ತೆ ಕೇಳಿದರೆ ಅದು ಒಳಗೆ ಇಳಿಯುತ್ತದೆ.

ದಾವೀದನ ತಂದೆ ಇಷಯನ ಬುಡದಿಂದ ಚಿಗುರು ಬರುತ್ತದೆ ಎಂಬ ಯೆಶಾಯ 11:1ರ ಮಾತಿಗೆ ನಾವು ನುಗ್ಗೆ ಕೊಂಬೆ ನೆಡುತ್ತೇವೆ. ಗಾಳಿಮರದ ಕೊಂಬೆ ಗೋದಲಿಗೆ ಚೆಂದ, ಆದರೆ ಒಂದು ತಿಂಗಳು ಬಾಳುವುದಿಲ್ಲ. ಒಣಗಿ ಉದುರುತ್ತದೆ, ಮೇಣದಬತ್ತಿಯ ಹತ್ತಿರ ಅಪಾಯವೂ ಹೌದು. ನವೆಂಬರ್ ಮಧ್ಯದಲ್ಲಿ ಮಣಿಕಟ್ಟಿನ ಗಾತ್ರದ, ಎರಡು ಮೂರು ಕವಲಿರುವ, ಮೂರು ನಾಲ್ಕು ಅಡಿಯ ನುಗ್ಗೆ ಕೊಂಬೆ ಕಡಿಯಿರಿ. ಎರಡು ಪಾಲು ಮಣ್ಣು, ಒಂದು ಪಾಲು ಮರಳು ತುಂಬಿದ ಕುಂಡದಲ್ಲಿ ಒಂದು ಅಡಿ ಆಳಕ್ಕೆ ಹೂತು, ಮೇಲಿನ ಕಡಿದ ಬಾಯಿಗಳಿಗೆ ಸೆಗಣಿ ಮೆತ್ತಿ. ಬೆಳಗಿನ ಬಿಸಿಲು ಬೀಳುವ ಜಗುಲಿಯಲ್ಲಿಟ್ಟು ಎರಡು ದಿನಕ್ಕೊಮ್ಮೆ ನೀರು ಕೊಡಿ. ಕುಂಡದ ತಳದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಕೊಂಬೆ ಸೋಲುವುದು ಹೆಚ್ಚಾಗಿ ಇದೇ ಕಾರಣಕ್ಕೆ. ನುಗ್ಗೆ ಬೇಗ ಮುರಿಯುವ ಮರ, ಭಾರದ್ದೇನೂ ತೂಗಹಾಕಬೇಡಿ. ಸಮುದ್ರದ ಗಾಳಿಗೆ ಕಾಗದದ ಚಿತ್ರಗಳು ಸುರುಟಿಕೊಳ್ಳುತ್ತವೆ. ಆದ್ದರಿಂದ ಎರಡು ಇಂಚಿನ ಕರಟದ ಬಿಲ್ಲೆಗಳನ್ನು ಉಜ್ಜಿ ನುಣುಪು ಮಾಡಿ, ತೂತು ಕೊರೆದು, ಒಬ್ಬೊಬ್ಬ ಪೂರ್ವಜರಿಗೆ ಒಂದೊಂದು ಚಿತ್ರವನ್ನು ಬಿಳಿ ಬಣ್ಣದಲ್ಲಿ ಬರೆದು ಕೊಂಬೆಗೆ ತೂಗಹಾಕುತ್ತೇವೆ.

ಒಬ್ಬರನ್ನೇ ಆರಿಸಬೇಕೆಂದರೆ ನಾನು ಯೆಹೂದನನ್ನು ಆರಿಸುತ್ತೇನೆ. ಅವನ ಕಥೆಯನ್ನು ತುಂಡು ಮಾಡದೆ ನಾಲ್ಕು ಸಂಜೆ ಓದಬೇಕು. ಆದಿಕಾಂಡ 27ರಲ್ಲಿ ಅವನ ತಂದೆ ಯಾಕೋಬ ಆಡಿನ ಮರಿಗಳ ಚರ್ಮ ಕಟ್ಟಿಕೊಂಡು ಕುರುಡು ತಂದೆಗೆ ಮೋಸ ಮಾಡುತ್ತಾನೆ. 37ರಲ್ಲಿ ಮಕ್ಕಳು ಯೋಸೇಫನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ಅದೇ ಯಾಕೋಬನಿಗೆ ಮೋಸ ಮಾಡುತ್ತಾರೆ. ತಮ್ಮನನ್ನು ಮಾರೋಣ ಎಂದವನು ಯೆಹೂದ. 38ರಲ್ಲಿ ಮುಸುಕು ಹಾಕಿದ ಸೊಸೆ ತಾಮಾರಳನ್ನು ವೇಶ್ಯೆ ಎಂದುಕೊಂಡು, ಆಡಿನ ಮರಿ ಕೊಡುವೆನೆಂದು ಮುದ್ರೆ, ದಾರ, ಕೋಲುಗಳನ್ನು ಅವಳ ಬಳಿ ಅಡವಿಟ್ಟು ಅವನೇ ಸಿಕ್ಕಿಬೀಳುತ್ತಾನೆ. ಮಾತುಕೊಟ್ಟಂತೆ ಮೂರನೆಯ ಮಗನನ್ನು ತಾಮಾರಳಿಗೆ ಮದುವೆ ಮಾಡಿಸದೆ, ಅವಳು ಬಸುರಿ ಎಂದು ತಿಳಿದಾಗ ಸುಡಿರಿ ಎಂದವನ ಎದುರು ಆ ಮೂರೂ ವಸ್ತುಗಳು ಬರುತ್ತವೆ. ಅವಳು ನನಗಿಂತ ನೀತಿವಂತಳು ಎಂದು ಅವನು ಎಲ್ಲರೆದುರು ಒಪ್ಪುವ 26ನೇ ವಚನದಲ್ಲಿ ಓದು ನಿಲ್ಲಿಸಿ, ಎರಡು ನಿಮಿಷ ಸುಮ್ಮನಿರಿ. ನಾಲ್ಕನೆಯ ಸಂಜೆಗೆ ಆದಿಕಾಂಡ 44:18ರಿಂದ 34. ಅಣ್ಣನಾಗಿ ತಮ್ಮನನ್ನು ಮಾರಿದವನು ಈಗ ಕಿರಿಯ ತಮ್ಮ ಬೆನ್ಯಾಮೀನನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಎನ್ನುತ್ತಾನೆ. ಕೃಪೆ ಒಬ್ಬ ಮನುಷ್ಯನಲ್ಲಿ ಏನು ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಓದು ನನಗೆ ಗೊತ್ತಿಲ್ಲ. ಸಣ್ಣ ಮಕ್ಕಳಿದ್ದರೆ 38ನ್ನು ಓದದೆ, ಕೊಟ್ಟ ಮಾತು ತಪ್ಪಿದವನು ತಪ್ಪೊಪ್ಪಿಕೊಂಡ ಎಂದಷ್ಟೇ ಬಾಯಲ್ಲಿ ಹೇಳಿ.

ಪ್ರತಿ ಸಂಜೆ ಕೇಳುವ ಪ್ರಶ್ನೆ ಮೂರೇ. ಇವರು ಯಾರಿಗೆ ಅನ್ಯಾಯ ಮಾಡಿದರು, ಅಥವಾ ಯಾರಿಂದ ಅನ್ಯಾಯಕ್ಕೊಳಗಾದರು? ನಂಬಿಕೆ ಕಾಣುವುದು ಯಾವ ವಚನದಲ್ಲಿ? ದೇವರು ಕೈಬಿಡಲಿಲ್ಲ ಎಂಬುದಕ್ಕೆ ಪಠ್ಯದಲ್ಲಿ ಏನಿದೆ? ಮಕ್ಕಳ ಸ್ವಂತ ತಪ್ಪುಗಳನ್ನು ಇಲ್ಲಿ ಕೆದಕಬಾರದು. ಅದಕ್ಕೆ ಪಾಪನಿವೇದನೆ ಇದೆ.

ಎಲ್ಲರೂ ಎಡವುವ ಜಾಗ ಹೆಣ್ಣುಮಕ್ಕಳದ್ದು. ಮತ್ತಾಯ ಹೆಸರಿಸಿದ ಸ್ತ್ರೀಯರನ್ನೆಲ್ಲ ಪಾಪಿಗಳ ಸಾಲಿಗೆ ಸೇರಿಸಿಬಿಡುತ್ತಾರೆ. ರೂತಳ ಮೇಲೆ ಪಠ್ಯ ಒಂದು ತಪ್ಪನ್ನೂ ಹೊರಿಸುವುದಿಲ್ಲ. ಅವಳು ಮೋವಾಬಿನವಳು, ಅಷ್ಟೇ. ದಾವೀದ ಬತ್ಷೆಬಳನ್ನು ತರಿಸಿಕೊಂಡು ಅವಳ ಗಂಡ ಊರೀಯನನ್ನು ಕೊಲ್ಲಿಸಿದ ವಿಷಯದಲ್ಲಿ 2 ಸಮುವೇಲ 12ರಲ್ಲಿ ಪ್ರವಾದಿ ನಾತಾನ ಬೆರಳು ತೋರಿಸುವುದು ದಾವೀದನೊಬ್ಬನಿಗೇ. ನಾತಾನ ಹೇಳುವ ಸಾಮತಿಯಲ್ಲಿ (ದೃಷ್ಟಾಂತ ಕಥೆಯಲ್ಲಿ) ಶ್ರೀಮಂತ ಕಿತ್ತುಕೊಂಡ ಬಡವನ ಕುರಿಮರಿ ನಿರಪರಾಧಿ. ಮತ್ತಾಯ ಅವಳನ್ನು ಊರೀಯನ ಹೆಂಡತಿ ಎಂದೇ ಕರೆದು, ಕೊಲೆಯಾದವನ ಹೆಸರನ್ನು ಯೇಸುವಿನ ವಂಶಾವಳಿಯಲ್ಲಿ ಉಳಿಸಿದ್ದಾನೆ. ಹಾಗಾಗಿ ದಾವೀದನ ಬಿಲ್ಲೆಯ ಒಂದು ಬದಿಗೆ ಕಿನ್ನರಿ, ಇನ್ನೊಂದು ಬದಿಗೆ ಊರೀಯನ ಹೆಸರು. ದೇವರು ಕ್ಷಮಿಸಿದ, ಮುಗಿಯಿತು ಎಂದು ಆ ಸಂಜೆ ಎದ್ದುಬಿಡಬೇಡಿ, ಊರೀಯ ಹಿಂದಿರುಗಲಿಲ್ಲ. 51ನೇ ಕೀರ್ತನೆಯನ್ನು ಪೂರ್ತಿ ಓದಿ ಏಳಿ. ಯೆರಿಕೋವಿನಲ್ಲಿ ಗೂಢಚಾರರನ್ನು ಅಡಗಿಸಿ ಕಿಟಕಿಗೆ ಕೆಂಪು ಹಗ್ಗ ಕಟ್ಟಿದ ರಾಹಾಬಳಿಗೆ ಕೆಂಪು ಬಲೆಹಗ್ಗದ ತುಂಡು, ರೂತಳಿಗೆ ಹೊಸ ಭತ್ತದ ತೆನೆ. ಅವಳು ಆಯ್ದದ್ದು ಜವೆಗೋಧಿ ಎಂದು ಹೇಳಿದರಾಯಿತು.

ಯೆಹೂದದ ದುಷ್ಟ ಅರಸ ಮನಸ್ಸೆಯನ್ನು ಎರಡು ಕಡೆ ಓದಬೇಕು. 2 ಅರಸುಗಳು 21ರಲ್ಲಿ ಅವನ ಪಶ್ಚಾತ್ತಾಪದ ಸುದ್ದಿಯೇ ಇಲ್ಲ. 2 ಪೂರ್ವಕಾಲವೃತ್ತಾಂತ 33:12-13ರಲ್ಲಿ ಸಂಕೋಲೆ ತೊಟ್ಟು ಮೊರೆಯಿಡುತ್ತಾನೆ. ಒಂದನ್ನೇ ಓದಿದರೆ ಒಂದೋ ದ್ವೇಷ ಹುಟ್ಟುತ್ತದೆ, ಇಲ್ಲ ಪಾಪ ಹಗುರವಾಗುತ್ತದೆ.

ನವೆಂಬರ್ ಮೃತರಿಗಾಗಿ ಪ್ರಾರ್ಥಿಸುವ ತಿಂಗಳು. ಅದರ ಬೆನ್ನಿಗೇ ಆಗಮನ ಕಾಲ ಬರುವುದರಿಂದ ನಮ್ಮ ಹಿರಿಯರನ್ನೂ ಸೇರಿಸುತ್ತೇವೆ. ಗೋವೆಯಿಂದ ಇತ್ತ ಬಂದ ಎಷ್ಟೋ ಮನೆತನಗಳ ಹೆಸರುಗಳು ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿ ಸಿಗುತ್ತವೆ. ಗುರುಗಳನ್ನು ಮೊದಲೇ ಕೇಳಿ. ಕುಡಿದು ಗದ್ದೆ ಕಳೆದವರ, ಅಣ್ಣತಮ್ಮಂದಿರ ಜಗಳದಲ್ಲಿ ಮಾತು ಬಿಟ್ಟವರ ಹೆಸರೂ ಬರಲಿ. ತೀರಿಕೊಂಡವರ ಹೆಸರು ಮಾತ್ರ, ಅದೂ ಪ್ರಾರ್ಥನೆಗೆ ಮಾತ್ರ. ಕಥೆ ಶುರುವಾದರೆ ಹಳೆಯ ವ್ಯಾಜ್ಯ ಎದ್ದು ಕೂರುತ್ತದೆ.

ಡಿಸೆಂಬರ್ 17ರ ಬಲಿಪೂಜೆಯಲ್ಲಿ ಈ ವಂಶಾವಳಿಯೇ ಶುಭಸಂದೇಶದ ವಾಚನ. ತಡವಾಯಿತು ಎನ್ನುವವರು ಅಂದೇ ಶುರುಮಾಡಿ ಎಂಟು ಸಂಜೆಯಲ್ಲಿ ಮುಗಿಸಬಹುದು. 17ಕ್ಕೆ ಯೆಹೂದ ಮತ್ತು ತಾಮಾರ್, 18ಕ್ಕೆ ರಾಹಾಬ್. 19ರ ಚರ್ಚಿನ ಸಂಜೆಯ ಪ್ರಾರ್ಥನೆ ಇಷಯನ ಬೇರನ್ನು ಕರೆಯುವುದರಿಂದ, ಇಷಯ ಮತ್ತು ದಾವೀದರ ಹೆಸರಿನಲ್ಲಿ ಕೊನೆಗೊಳ್ಳುವ ರೂತಳ ಪುಸ್ತಕ ಆ ದಿನಕ್ಕೆ. 20ಕ್ಕೆ ದಾವೀದ, 21ಕ್ಕೆ ಮನಸ್ಸೆ. 22ಕ್ಕೆ ಯೆರೆಮೀಯ 22:24 ಮತ್ತು ಹಗ್ಗಾಯ 2:23 ಒಟ್ಟಿಗೆ: ಸೆರೆಹೋದ ಅರಸ ಯೆಕೊನ್ಯನಲ್ಲಿ ಕಿತ್ತೆಸೆದ ಮುದ್ರೆಯುಂಗುರವನ್ನು ದೇವರು ಅವನ ಮೊಮ್ಮಗ ಜೆರುಬ್ಬಾಬೆಲನಲ್ಲಿ ಮತ್ತೆ ತೊಡುತ್ತಾನೆ. 23ಕ್ಕೆ ಅಜೋರನಿಂದ ಮತ್ತಾನನವರೆಗಿನವರು. ಅವರ ಕಥೆ ಎಲ್ಲೂ ಇಲ್ಲ, ಹೆಸರುಗಳನ್ನು ಗಟ್ಟಿಯಾಗಿ ಓದಿದರೆ ಸಾಕು. 24ಕ್ಕೆ ಮರಿಯಳ ಗಂಡ ಯೋಸೇಫ, ಮತ್ತಾಯ 1:18ರಿಂದ 25. ಓದಿ ಮುಗಿಸಿ ರಾತ್ರಿಯ ಪೂಜೆಗೆ ಹೊರಡಲು ಸಮಯ ಉಳಿಯುವಂತೆ ಅಂದು ಏಳು ಗಂಟೆಗೇ ಕೂರಬೇಕು.