ಡ್ರಾಫ್ಟ್ ಆದ ಹೊಸ ಫುಟಿ ಹುಡುಗ ಪ್ರೀ-ಸೀಸನ್‌ನಲ್ಲಿ ಬೆಳೆಯುತ್ತಿದ್ದಾನಾ? ನೋಡುವುದು ಹೀಗೆ

ನವೆಂಬರ್‌ನಲ್ಲಿ ಎಎಫ್‌ಎಲ್ ಡ್ರಾಫ್ಟ್ ಮುಗಿಯುತ್ತದೆ, ಅಂದರೆ ಆಸ್ಟ್ರೇಲಿಯಾದ ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಲೀಗಿನ ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು. ನಿಮ್ಮ ಕ್ಲಬ್ಬಿಗೆ ನಾಲ್ಕೈದು ಹೊಸ ಹುಡುಗರು ಬರುತ್ತಾರೆ. ಅಲ್ಲಿಂದ ಸೀಸನ್ ಶುರುವಾಗುವ ಮಾರ್ಚ್‌ವರೆಗೆ ಪ್ರೀ-ಸೀಸನ್, ಆಗ ನಮಗೆ ಸಿಗುವುದು ಕ್ಲಬ್ ಹಾಕುವ ತುಂಡು ವಿಡಿಯೋಗಳು, ಟ್ರೈನಿಂಗ್ ವರದಿ, ಕೋಚ್ ಆಡುವ ನಾಲ್ಕು ಒಳ್ಳೆ ಮಾತು. ಇಷ್ಟನ್ನೇ ಹಿಡಿದುಕೊಂಡು ಜನವರಿಯೊಳಗೆ ಒಬ್ಬ ಸ್ಟಾರ್, ಇನ್ನೊಬ್ಬ ದಂಡ ಅಂತ ತೀರ್ಮಾನ ಆಗಿಬಿಡುತ್ತದೆ. ಹದಿನೆಂಟು ವರ್ಷದ ಹುಡುಗನ ಮೇಲೆ ಇದು ದೊಡ್ಡ ಅನ್ಯಾಯ. ಅದಕ್ಕೇ ಪ್ರೀ-ಸೀಸನ್‌ನಲ್ಲಿ ಏನು ನೋಡಬೇಕು, ಏನನ್ನು ಬಿಡಬೇಕು ಅಂತ ಬರೆಯುತ್ತಿದ್ದೇನೆ.

ಮೊದಲು ಹುಡುಗ ಎಲ್ಲಿಂದ ಬಂದಿದ್ದಾನೆ ಅಂತ ತಿಳಿದುಕೊಳ್ಳಿ. ಡ್ರಾಫ್ಟ್‌ನಲ್ಲಿ ಕ್ಲಬ್ ಆಟಗಾರನನ್ನು ಆರಿಸುತ್ತದೆ, ಆಟಗಾರ ಕ್ಲಬ್ಬನ್ನು ಆರಿಸುವ ಹಾಗಿಲ್ಲ. ಪರ್ತ್‌ನ ಹುಡುಗ ಬ್ರಿಸ್ಬೇನ್‌ಗೆ ಹೋಗಬೇಕಾಗಬಹುದು, ಅಡಿಲೇಡ್‌ನವನು ಸಿಡ್ನಿಗೆ. ಕೆಲವರು 12ನೇ ತರಗತಿ ಪರೀಕ್ಷೆ ಬರೆದು ಕೆಲವೇ ವಾರ ಆಗಿರುತ್ತದೆ. ಮನೆ ಬಿಟ್ಟು, ಕ್ಲಬ್ ಗೊತ್ತು ಮಾಡಿದ ಬೇರೆ ಕುಟುಂಬದ ಜೊತೆ ಇದ್ದುಕೊಂಡು, ಅಲ್ಲಿಂದ ದಿನಾ ಟ್ರೈನಿಂಗ್‌ಗೆ ಹೋಗುವವರೂ ಇದ್ದಾರೆ. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಅವನು ಸ್ವಲ್ಪ ಮಂಕಾಗಿ ಕಂಡರೆ ಆಟದಲ್ಲೇ ತಪ್ಪು ಹುಡುಕಬೇಡಿ.

ಆಮೇಲೆ ಒಂದು ಲೆಕ್ಕ ಇಟ್ಟುಕೊಳ್ಳಿ. ಅವನು ಎಷ್ಟು ಸೆಷನ್ ಪೂರ್ತಿ ಮುಗಿಸಿದ? ನನ್ನ ಪ್ರಕಾರ ಇಡೀ ಪ್ರೀ-ಸೀಸನ್‌ನಲ್ಲಿ ಇದಕ್ಕಿಂತ ಮುಖ್ಯವಾದ ವಿಷಯ ಇಲ್ಲ. ಯಾರೂ ಇದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ, ಯಾಕೆಂದರೆ ಇದರಲ್ಲಿ ವಿಡಿಯೋ ಮಾಡುವಂಥದ್ದು ಏನೂ ಇಲ್ಲ. ಎಎಫ್‌ಎಲ್ ಮಿಡ್‌ಫೀಲ್ಡರ್ ಒಂದು ಮ್ಯಾಚ್‌ನಲ್ಲಿ 12 ಕಿಲೋಮೀಟರ್‌ಗಿಂತ ಜಾಸ್ತಿ ಓಡುವುದು ಮಾಮೂಲು, ಅದೂ ಒಂದೇ ವೇಗದಲ್ಲಿ ಅಲ್ಲ, ನಿಂತು, ತಿರುಗಿ, ಡಿಕ್ಕಿ ಹೊಡೆದು, ಮತ್ತೆ ಎದ್ದು ಓಡುವುದು. ಅಂಡರ್-18 ಆಡಿ ಬಂದ ಮೈಗೆ ಈ ಭಾರ ಒಮ್ಮೆಲೇ ಬಿದ್ದರೆ ಮೊದಲು ಹೋಗುವುದು ಹ್ಯಾಮ್‌ಸ್ಟ್ರಿಂಗ್. ಇಲ್ಲದಿದ್ದರೆ ಬೆನ್ನು ಅಥವಾ ಪಾದದ ಮೂಳೆ. ಕ್ರಿಕೆಟ್‌ನಲ್ಲಿ ಎಳೆ ವಯಸ್ಸಿನ ವೇಗದ ಬೌಲರ್‌ಗಳಿಗೆ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರ್ ಆಗುವುದನ್ನು ನೋಡಿದ್ದೇವಲ್ವಾ, ಇಲ್ಲೂ ಅದೇ ಕಥೆ. ಅದಕ್ಕೇ ಎಲ್ಲರ ಬೆನ್ನ ಮೇಲೂ, ಎರಡು ಭುಜಗಳ ಮಧ್ಯೆ, ಚಿಕ್ಕದೊಂದು ಜಿಪಿಎಸ್ ಇರುತ್ತದೆ. ಯಾರು ಎಷ್ಟು ಓಡಿದರು, ಎಷ್ಟು ಜೋರಾಗಿ ಓಡಿದರು ಅಂತ ಅದರಲ್ಲಿ ನೋಡಿ ಮುಂದಿನ ದಿನದ ಕೆಲಸ ಗೊತ್ತು ಮಾಡುತ್ತಾರೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಹುಡುಗ ಸೆಷನ್ನಿನ ಅರ್ಧಕ್ಕೆ ಹೊರಗೆ ಬಂದು, ಬೂಟ್ ಬಿಚ್ಚಿ, ನಗುತ್ತಾ ಕೂತಿದ್ದರೆ ಅದು ಬಹುಪಾಲು ಮೊದಲೇ ಹಾಕಿದ ಪ್ಲಾನ್. ಹೊಸಬರಿಗೆ ಕೆಲಸ ಕಡಿಮೆ ಕೊಟ್ಟು ನಿಧಾನವಾಗಿ ಏರಿಸುತ್ತಾರೆ. ಆದರೆ ಅದೇ ಹುಡುಗ ವಾರಗಟ್ಟಲೆ ಫಿಸಿಯೋ ಜೊತೆ ಮೈದಾನದ ಅಂಚಿನಲ್ಲೇ ಓಡುತ್ತಿದ್ದರೆ, ರಿಹ್ಯಾಬ್ ಗುಂಪು ಬಿಟ್ಟು ಬರದಿದ್ದರೆ, ಮೊದಲ ರೌಂಡ್ ಆಡುತ್ತಾನೆ ಅನ್ನುವ ಆಸೆ ಬಿಡಿ. ಆ ಆಸೆ ಮಾತ್ರ ಬಿಡಿ, ಹುಡುಗನನ್ನಲ್ಲ. ಮ್ಯಾಟ್ ರೋವೆಲ್ 2019ರ ಡ್ರಾಫ್ಟ್‌ನ ಮೊದಲ ಪಿಕ್, ಅಂದರೆ ಎಲ್ಲರಿಗಿಂತ ಮೊದಲು ಆರಿಸಿದ ಹುಡುಗ. ಗೋಲ್ಡ್ ಕೋಸ್ಟ್‌ಗೆ 2020ರಲ್ಲಿ ಬೆಂಕಿಯ ಹಾಗೆ ಶುರು ಮಾಡಿ, ಭುಜದ ಗಾಯದಿಂದ ಆ ಸೀಸನ್ ಕಳೆದುಕೊಂಡ. 2025ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಮೆಡಲ್ ಗೆದ್ದ.

ಎರಡು ಕಿಲೋಮೀಟರ್ ಟೈಮ್ ಟ್ರಯಲ್ ಬಗ್ಗೆ ತುಂಬಾ ಸುದ್ದಿ ಆಗುತ್ತದೆ. ಯಾರು ಗೆದ್ದರು, ಹೊಸ ಹುಡುಗ ಎಷ್ಟನೆಯವನಾಗಿ ಬಂದ ಅಂತ. ನೋಡಿ ಖುಷಿಪಡಿ, ಆದರೆ ತಲೆಗೆ ಹಾಕಿಕೊಳ್ಳಬೇಡಿ. ವಿಂಗ್‌ನಲ್ಲಿ, ಅಂದರೆ ಮೈದಾನದ ಬದಿಯಲ್ಲಿ, ಆಡುವವನಿಗೆ ಆ ನಂಬರ್ ಬೇಕು. ಅಂಪೈರ್ ಮೇಲಕ್ಕೆ ಹಾಕಿದ ಚೆಂಡಿಗೆ ಹಾರಿ ತನ್ನವರ ಕಡೆ ತಟ್ಟುವ, ಎರಡು ಮೀಟರ್ ಎತ್ತರದ ರಕ್ ಹುಡುಗನಿಗೆ ಅದರಿಂದ ಆಗುವುದು ಕಡಿಮೆ. ಹೋಲಿಸಲೇಬೇಕು ಅಂದರೆ ಅವನ ಡಿಸೆಂಬರ್ ಸಮಯವನ್ನು ಅವನದೇ ಜನವರಿ ಸಮಯದ ಜೊತೆ ಹೋಲಿಸಿ.

ಈಗ ಆಟದ ವಿಷಯ. ಮೆಲ್ಬರ್ನ್‌ನಲ್ಲಿರುವ ಕನ್ನಡದವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಕ್ಲಬ್‌ಗಳು ಕೆಲವು ಟ್ರೈನಿಂಗ್ ದಿನಗಳಲ್ಲಿ ಜನರನ್ನು ಒಳಗೆ ಬಿಡುತ್ತವೆ. ಫುಟ್ಸ್‌ಕ್ರೇ ಕಡೆ ಇದ್ದರೆ ವಿಟನ್ ಓವಲ್, ನಾರ್ತ್ ಮೆಲ್ಬರ್ನ್ ಕಡೆ ಆರ್ಡನ್ ಸ್ಟ್ರೀಟ್. ಬೆಳಿಗ್ಗೆ ಹೊರಡುವ ಮುಂಚೆ ಕ್ಲಬ್ ವೆಬ್‌ಸೈಟ್ ನೋಡಿ. ಟೋಪಿ, ಸನ್‌ಸ್ಕ್ರೀನ್, ನೀರು ಮರೆಯಬೇಡಿ, ಜನವರಿ ಬಿಸಿಲು ತಮಾಷೆ ಅಲ್ಲ.

ಹೋದಾಗ ಗೋಲ್ ಪೋಸ್ಟ್ ಹಿಂದೆ ನಿಲ್ಲಿ, ಅಲ್ಲಿಂದ ಇಡೀ ಮೈದಾನ ಉದ್ದಕ್ಕೆ ಕಾಣುತ್ತದೆ. ಎದುರಾಳಿ ಇಲ್ಲದ ಡ್ರಿಲ್‌ಗಳಲ್ಲಿ ಎಲ್ಲರೂ ಚೆನ್ನಾಗಿಯೇ ಕಿಕ್ ಮಾಡುತ್ತಾರೆ, ಅದನ್ನು ಬಿಡಿ. ಮೈಮೇಲೆ ಯಾರಾದರೂ ಬರುತ್ತಿರುವಾಗ ಅವನು ಏನು ಮಾಡುತ್ತಾನೆ ನೋಡಿ. ಚೆಂಡು ಕೈಗೆ ಬರುವ ಮುಂಚೆಯೇ ತಲೆ ಎತ್ತಿ ಸುತ್ತ ನೋಡಿದನಾ? ಹ್ಯಾಂಡ್‌ಬಾಲ್ (ಮುಷ್ಟಿಯಿಂದ ಹೊಡೆದು ಕೊಡುವ ಪಾಸ್) ಕೊಟ್ಟ ಮೇಲೆ ನಿಂತನಾ, ಓಡಿದನಾ? ಮಾರ್ಕ್ (ಕಿಕ್ ಮಾಡಿದ ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು) ಕೈತಪ್ಪಿದಾಗ ನೆಲದ ಮೇಲಿನ ಚೆಂಡಿಗೆ ಮತ್ತೆ ನುಗ್ಗಿದನಾ? ಬಾಯಿ ಬಿಟ್ಟು ಕೂಗುತ್ತಾನಾ? ಹೊಸಬರು ಮೊದಮೊದಲು ಮೂಕರ ಹಾಗೆ ಆಡುತ್ತಾರೆ, ಪಕ್ಕದಲ್ಲಿ ಮುನ್ನೂರು ಮ್ಯಾಚ್ ಆಡಿದವನು ಇದ್ದರೆ ಅವನಿಗೆ ಹೀಗೆ ಬಾ, ಹಾಗೆ ಹೋಗು ಅನ್ನುವುದಕ್ಕೆ ಧೈರ್ಯ ಬೇಕು. ಆ ದನಿ ಕೇಳಲು ಶುರುವಾದ ದಿನ ಹುಡುಗ ತಂಡದ ಪ್ಲಾನ್ ಅರ್ಥ ಮಾಡಿಕೊಂಡಿದ್ದಾನೆ ಅಂತ ನಾನು ನಂಬುತ್ತೇನೆ.

ಮ್ಯಾಚ್ ಸಿಮ್ಯುಲೇಶನ್‌ನಲ್ಲಿ, ಅಂದರೆ ಕ್ಲಬ್ಬಿನವರೇ ಎರಡು ಗುಂಪಾಗಿ ಮ್ಯಾಚ್ ಹಾಗೆ ಆಡುವಾಗ, ಬಣ್ಣ ನೋಡಿ. ಹಿರಿಯರೆಲ್ಲಾ ಒಂದೇ ಬಣ್ಣದ ಜೆರ್ಸಿಯಲ್ಲಿದ್ದು, ಅವರ ಜೊತೆ ಹೊಸ ಹುಡುಗನೂ ಇದ್ದರೆ ಅದು ದೊಡ್ಡ ಸುಳಿವು. ಅವನ ಎದುರು ಯಾರನ್ನು ಹಾಕಿದ್ದಾರೆ ಅಂತಲೂ ನೋಡಿ. ಎಳೆ ಫಾರ್ವರ್ಡ್‌ನನ್ನು ಕ್ಲಬ್ಬಿನ ಅತ್ಯುತ್ತಮ ಡಿಫೆಂಡರ್ ಎದುರು ಬಿಟ್ಟರೆ ಅವನಿಗೆ ಬೆಳಿಗ್ಗೆಯೆಲ್ಲಾ ಒಂದೂ ಮಾರ್ಕ್ ಸಿಗದೇ ಹೋಗಬಹುದು. ಆದರೂ ಹತ್ತನೇ ಸಲವೂ ಅದೇ ಜೋರಿನಲ್ಲಿ ಜಾಗ ಹುಡುಕಿ ಓಡಿದನಾ? ಹಾಗಿದ್ದರೆ ಒಳ್ಳೆ ದಿನವೇ.

ಇನ್ನು ಪೊಸಿಷನ್. ಇದನ್ನು ಮರೆತು ಮಾಡುವ ಹೋಲಿಕೆಗಳೇ ಜಾಸ್ತಿ. 2021ರ ಡ್ರಾಫ್ಟ್ ತೆಗೆದುಕೊಳ್ಳಿ. ಎರಡನೇ ಪಿಕ್ ಸ್ಯಾಮ್ ಡಾರ್ಸಿ, ವೆಸ್ಟರ್ನ್ ಬುಲ್‌ಡಾಗ್ಸ್‌ಗೆ. ನಾಲ್ಕನೇ ಪಿಕ್ ನಿಕ್ ಡೇಕೋಸ್, ಕಾಲಿಂಗ್‌ವುಡ್‌ಗೆ. ಇಬ್ಬರೂ ತಮ್ಮ ಅಪ್ಪ ಆಡಿದ ಕ್ಲಬ್ಬಿಗೇ ಫಾದರ್-ಸನ್ ನಿಯಮದಲ್ಲಿ ಬಂದವರು. ಡೇಕೋಸ್ 2022ರ ಮೊದಲ ರೌಂಡ್‌ನಲ್ಲೇ ಆಡಿ, ಆ ವರ್ಷ ಎಳೆ ಆಟಗಾರರಿಗೆ ಕೊಡುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಗೆದ್ದ. ಎರಡು ಮೀಟರ್ ದಾಟಿದ ಡಾರ್ಸಿಗೆ ಮೊದಲ ಮ್ಯಾಚ್ ಸಿಕ್ಕಿದ್ದು ಆ ಸೀಸನ್ನಿನ ಕೊನೆ ಕೊನೆಗೆ, ಹೆಸರು ಮಾಡಿದ್ದು 2024ರಲ್ಲಿ. ಇಬ್ಬರಲ್ಲಿ ಯಾರೂ ಹಿಂದೆ ಬಿದ್ದಿರಲಿಲ್ಲ. ಹಾಫ್ ಬ್ಯಾಕ್ (ಡಿಫೆನ್ಸಿನ ಮುಂದಿನ ಸಾಲು), ವಿಂಗ್, ಸ್ಮಾಲ್ ಫಾರ್ವರ್ಡ್ ಹುಡುಗರು ಬೇಗ ಒಳಗೆ ಬರಬಹುದು. ಎತ್ತರದವರು ತಮಗಿಂತ ಹತ್ತು ಹದಿನೈದು ಕಿಲೋ ಭಾರದ ಗಂಡಸರ ಜೊತೆ ಗುದ್ದಾಡಬೇಕು, ಆ ಶಕ್ತಿ ಒಂದು ಬೇಸಿಗೆಯಲ್ಲಿ ಬರುವಂಥದ್ದಲ್ಲ. ರಕ್‌ಗೆ ಇನ್ನೂ ನಿಧಾನ. ಮ್ಯಾಕ್ಸ್ ಗಾನ್‌ನನ್ನು ಮೆಲ್ಬರ್ನ್ ಕ್ಲಬ್ 2009ರಲ್ಲಿ 34ನೇ ಪಿಕ್ ಆಗಿ ತೆಗೆದುಕೊಂಡಿತು. ಮೊದಲ ಮ್ಯಾಚ್ ಆಡಿದ್ದು 2011ರಲ್ಲಿ, 2021ರಲ್ಲಿ ಅವನೇ ಕ್ಯಾಪ್ಟನ್ ಆಗಿ ಕಪ್ ಎತ್ತಿದ.

ಕೋಚ್ ಮಾತುಗಳಲ್ಲಿ ಹೊಗಳಿಕೆ ಸೋಸಿ ತೆಗೆಯಿರಿ. ಡಿಸೆಂಬರ್‌ನಲ್ಲಿ ಎಲ್ಲಾ ಹುಡುಗರೂ ಚೆನ್ನಾಗಿ ಹೊಂದಿಕೊಂಡಿರುತ್ತಾರೆ, ಎಲ್ಲರೂ ಕಷ್ಟಪಟ್ಟು ಕೆಲಸ ಮಾಡುತ್ತಿರುತ್ತಾರೆ. ಕೆಲಸಕ್ಕೆ ಬರುವುದು ಸಣ್ಣ ವಿವರ. ಮಿಡ್‌ಫೀಲ್ಡರ್ ಅಂತ ತಂದವನನ್ನು ಡಿಫೆನ್ಸ್ ಗುಂಪಿನ ಜೊತೆ ಮೀಟಿಂಗ್‌ಗೆ ಕೂರಿಸುತ್ತಿದ್ದಾರೆ ಅಂದರೆ, ಈ ವರ್ಷವೇ ಅವನಿಗೆ ಒಂದು ಜಾಗ ಹುಡುಕುತ್ತಿರಬಹುದು. ಡೇಕೋಸ್ ಕೂಡ ಮೊದಲ ವರ್ಷ ಹೆಚ್ಚಾಗಿ ಆಡಿದ್ದು ಹಾಫ್ ಬ್ಯಾಕ್‌ನಲ್ಲಿ.

ಫೆಬ್ರವರಿ ಕೊನೆಗೆ ಬೇರೆ ಕ್ಲಬ್‌ಗಳ ಜೊತೆ ಪ್ರಾಕ್ಟೀಸ್ ಮ್ಯಾಚ್ ಶುರು. ಅಲ್ಲಿ ಹುಡುಗ ಎಷ್ಟು ಸಲ ಚೆಂಡು ಮುಟ್ಟಿದ ಅನ್ನುವುದಕ್ಕಿಂತ ಯಾವ ಕ್ವಾರ್ಟರ್‌ನಲ್ಲಿ ಇಳಿಸಿದರು ಅಂತ ನೋಡಿ. ಹಿರಿಯರೆಲ್ಲಾ ಮೈದಾನದಲ್ಲಿ ಇರುವಾಗ ಮೊದಲ ಕ್ವಾರ್ಟರ್‌ನಿಂದಲೇ ಇದ್ದರೆ ಅವನು ಟೀಮ್‌ಗೆ ಹತ್ತಿರ ಇದ್ದಾನೆ. ಕೊನೆಯ ಕ್ವಾರ್ಟರ್‌ನಲ್ಲಿ, ಅರ್ಧ ಟೀಮ್ ಬೆಂಚಿಗೆ ಹೋದ ಮೇಲೆ ಬಂದರೆ, ಇನ್ನೂ ಸಮಯ ಇದೆ. ಆಗ ಎಎಫ್‌ಎಲ್‌ಗಿಂತ ಕೆಳಗಿನ ಲೀಗ್‌ಗಳಾದ ವಿಎಫ್‌ಎಲ್, ಎಸ್‌ಎಎನ್‌ಎಫ್‌ಎಲ್, ಡಬ್ಲ್ಯೂಎಎಫ್‌ಎಲ್ ಮ್ಯಾಚ್‌ಗಳ ಕಡೆ ಕಣ್ಣಿಡಿ. ಅಲ್ಲಿ ಅವನನ್ನು ಯಾವ ಪೊಸಿಷನ್‌ನಲ್ಲಿ ಆಡಿಸುತ್ತಿದ್ದಾರೆ, ವಾರದಿಂದ ವಾರಕ್ಕೆ ಆಡುವ ನಿಮಿಷ ಏರುತ್ತಿದೆಯಾ ಅಂತ ಗುರುತು ಹಾಕಿಕೊಳ್ಳಿ.