ಚುಕ್ಕೆ ಹೊಳೆದರೆ ಸಾಲದು

ಡಿಎನ್‌ಎ ಮೈಕ್ರೋಅರೇ (ಗಾಜಿನ ಸ್ಲೈಡಿನ ಮೇಲೆ ಡಿಎನ್‌ಎ ಚುಕ್ಕೆಗಳನ್ನು ಕೂರಿಸಿ ಮಾದರಿಯನ್ನು ಪರೀಕ್ಷಿಸುವ ವಿಧಾನ) ಕೆಲಸಕ್ಕೆ ಹೊಸದಾಗಿ ಬಂದವರು ನೇರವಾಗಿ ಸ್ಕ್ಯಾನರ್ ಮುಂದೆ ಹೋಗಿ ನಿಲ್ಲುತ್ತಾರೆ. ನಾನು ಅವರನ್ನು ಮೊದಲು ಕರೆದೊಯ್ಯುವುದು ಸ್ಲೈಡ್ ತೊಳೆಯುವ ಜಾರ್ ಬಳಿಗೆ. ಉತ್ತರ ತೀರ್ಮಾನವಾಗುವುದೇ ಅಲ್ಲಿ.

ನಾನು ಹುಡುಕುವುದು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದ ರೂಪಾಂತರವನ್ನು, ಅಂದರೆ ಜೀನಿನಲ್ಲಾದ ಬದಲಾವಣೆಯನ್ನು. ಬೀಟಾ ಗ್ಲೋಬಿನ್ ಜೀನಿನಲ್ಲಿ ಜಿಎಜಿ ಇರಬೇಕಾದ ಕಡೆ ಜಿಟಿಜಿ ಇರುತ್ತದೆ; ವ್ಯತ್ಯಾಸ ಒಂದೇ ಅಕ್ಷರದ್ದು. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಸಮುದಾಯಗಳಲ್ಲಿ ಈ ರೋಗವಿದೆ. ರೋಗಿ ಯಾರು, ರೂಪಾಂತರದ ಒಂದೇ ಪ್ರತಿ ಇರುವ ವಾಹಕರು ಯಾರು ಎಂದು ಬೇರ್ಪಡಿಸಲಾಗದ ಪರೀಕ್ಷೆಯಿಂದ ಅವರಿಗೆ ಏನೂ ಪ್ರಯೋಜನವಿಲ್ಲ.

ಸುಮಾರು 20 ಬೇಸ್ (ಅಕ್ಷರ) ಉದ್ದದ, ತಮಗೆ ಹೊಂದುವ ಎಳೆಯನ್ನು ಹಿಡಿಯುವ ಡಿಎನ್‌ಎ ತುಣುಕುಗಳಾದ ಎರಡು ಬಗೆಯ ಪ್ರೋಬ್‌ಗಳನ್ನು ಗಾಜಿನ ಮೇಲೆ ಕೂರಿಸುತ್ತೇನೆ: ಒಂದು ಸಹಜ ಅನುಕ್ರಮಕ್ಕೆ, ಇನ್ನೊಂದು ರೂಪಾಂತರಕ್ಕೆ. ಬದಲಾಗುವ ಅಕ್ಷರ ಪ್ರೋಬಿನ ನಟ್ಟನಡುವೆ ಬರಬೇಕು. ತುದಿಯಲ್ಲಿದ್ದರೆ ತಪ್ಪು ಜೋಡಿಯೂ ಬಿಡದೆ ಕಚ್ಚಿಕೊಳ್ಳುತ್ತದೆ. ಮಾದರಿಗೆ ಪಿಸಿಆರ್ ಹಂತದಲ್ಲೇ, ಅಂದರೆ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವಾಗಲೇ, ಲೇಸರ್ ಬೆಳಕಿಗೆ ಹೊಳೆಯುವ ಸೈ3 ಬಣ್ಣ ಸೇರಿಸಿ, 95 ಡಿಗ್ರಿಯಲ್ಲಿ ಎಳೆ ಬಿಡಿಸಿ ಸ್ಲೈಡಿಗೆ ಹಾಕುತ್ತೇನೆ. ಇದೇ ಬಗೆಯ ಇನ್ನೊಂದು ಬಣ್ಣವಾದ ಸೈ5 ಅನ್ನು ಗಾಳಿಯಲ್ಲಿರುವ ಓಜೋನ್ ಬೇಗ ಹಾಳುಮಾಡುತ್ತದೆ. ಹಾಗಾಗಿ ಒಂದೇ ಬಣ್ಣ ಸಾಕಾದ ಕಡೆ ನಾನು ಅದನ್ನು ಮುಟ್ಟುವುದಿಲ್ಲ.

ಇನ್ನು ತೊಳೆಯುವುದು. ಮೊದಲ ನೀರು 2 ಪಟ್ಟಿನ ಎಸ್‌ಎಸ್‌ಸಿ (ಉಪ್ಪು ಮತ್ತು ಸಿಟ್ರೇಟ್ ಬೆರೆತ ದ್ರಾವಣ; ಪಟ್ಟು ಎಂದರೆ ಅದರ ಸಾಂದ್ರತೆ). ಅದರಲ್ಲಿ ಉಪ್ಪು 0.3 ಮೋಲಾರ್, ಜೊತೆಗೆ ಸ್ವಲ್ಪ ಎಸ್‌ಡಿಎಸ್ ಎಂಬ ಮಾರ್ಜಕ. ಅಂಟದೆ ಉಳಿದದ್ದೆಲ್ಲ ಇದರಲ್ಲಿ ಹೋಗುತ್ತದೆ. ಎರಡನೆಯದು 0.2 ಪಟ್ಟಿನದು. ಡಿಎನ್‌ಎಯ ಎರಡೂ ಎಳೆಗಳ ಮೇಲೆ ಋಣ ವಿದ್ಯುದಂಶವಿದ್ದು, ಅವು ಒಂದನ್ನೊಂದು ದೂಡದಂತೆ ತಡೆಯುವುದು ಉಪ್ಪು. ಉಪ್ಪು ಹತ್ತರಲ್ಲಿ ಒಂದು ಪಾಲಿಗೆ ಇಳಿದರೆ ಎಳೆಗಳು ಬಿಡಿಸಿಕೊಳ್ಳುವ ತಾಪಮಾನ ಸುಮಾರು 16 ಡಿಗ್ರಿ ಕೆಳಗಿಳಿಯುತ್ತದೆ. ಸರಿ ಜೋಡಿ ಉಳಿದು ತಪ್ಪು ಜೋಡಿ ಮಾತ್ರ ಕಳಚುವ ತಾಪಮಾನದ ಅಂತರ ಬಹಳ ಕಿರಿದು. ಅದನ್ನು ಹಿಡಿಯಲು ವಾಟರ್ ಬಾತ್ ತೋರಿಸುವ ಅಂಕಿಯನ್ನು ನಾನು ನೆಚ್ಚುವುದಿಲ್ಲ; ಥರ್ಮಾಮೀಟರನ್ನು ಜಾರಿನೊಳಗೇ ಇಳಿಬಿಡುತ್ತೇನೆ. ಕೊನೆಯ ನೀರಿನಲ್ಲಿ ಎಸ್‌ಡಿಎಸ್ ಇರಕೂಡದು. ಅದರ ಪದರ ಗಾಜಿನ ಮೇಲೆ ಉಳಿದರೆ ಇಡೀ ಹಿನ್ನೆಲೆ ಮಸುಕಾಗಿ ಹೊಳೆಯುತ್ತದೆ. ಹನಿ ತಾನಾಗಿ ಆರಲು ಬಿಡದೆ, ಸ್ಲೈಡನ್ನು ಕೂಡಲೇ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಒಣಗಿಸುತ್ತೇನೆ.

ಸ್ಕ್ಯಾನರಿನ 532 ನ್ಯಾನೋಮೀಟರ್ ಲೇಸರ್ ಹಾಯಿಸಿದಾಗ ಚುಕ್ಕೆಯ ಹೊಳಪು ಸ್ಕ್ಯಾನರ್ ತೋರಿಸಬಲ್ಲ ಗರಿಷ್ಠ ಅಂಕಿಯಾದ 65,535ಕ್ಕೆ ಮುಟ್ಟಿದರೆ ಆ ಅಂಕಿಗೆ ಅರ್ಥವಿಲ್ಲ. ಶಕ್ತಿ ತಗ್ಗಿಸಿ ಮತ್ತೆ ನೋಡಬೇಕು. ವಾಹಕರ ಮಾದರಿಯಲ್ಲಿ ಎರಡು ಚುಕ್ಕೆಗಳೂ ಬೆಳಗುತ್ತವೆ. ತೊಳೆತ ಸಾಲದಿದ್ದರೆ ರೂಪಾಂತರವಿಲ್ಲದವರ ಮಾದರಿಯೂ ಹಾಗೆಯೇ ಕಾಣಬಹುದು. ಅದಕ್ಕಾಗಿಯೇ ಪ್ರತಿ ಸ್ಲೈಡಿನ ಜೊತೆ ರೂಪಾಂತರವಿಲ್ಲವೆಂದು ಖಚಿತವಾಗಿ ಗೊತ್ತಿರುವ ಮಾದರಿಯ ಸ್ಲೈಡೊಂದನ್ನೂ ಅದೇ ಜಾರಿನಲ್ಲಿ ತೊಳೆಯುತ್ತೇನೆ. ಅದರಲ್ಲಿಯೂ ರೂಪಾಂತರದ ಚುಕ್ಕೆ ಹೊಳೆದರೆ, ಆ ದಿನದ ಯಾವ ಫಲಿತಾಂಶವನ್ನೂ ಬರೆದುಕೊಳ್ಳುವುದಿಲ್ಲ.