ಮಂಜಿಯಲ್ಲಿ ಹೋಗುವ ತೊಗರಿಬೇಳೆಗೆ ಬೂಸ್ಟು ಹಿಡಿಯುತ್ತಿತ್ತು, ಹೀಗೆ ಸರಿಯಾಯ್ತು

ಕಲಬುರಗಿಯ ನಮ್ಮ ಬೇಳೆ ಲಾರಿಯಲ್ಲಿ ಮಂಗಳೂರಿನ ಹಳೇ ಬಂದರಿಗೆ ಹೋಗಿ, ಅಲ್ಲಿಂದ ಮಂಜಿ, ಅಂದರೆ ಸರಕು ಸಾಗಿಸುವ ದೊಡ್ಡ ಮರದ ದೋಣಿ, ಹತ್ತಿ ಲಕ್ಷದ್ವೀಪಕ್ಕೆ ಹೋಗುತ್ತದೆ. ಮಂಜಿಗೆ ಈಗ ಎಂಜಿನ್ ಇದೆ, ಮೈ ಮಾತ್ರ ಮರದ ಹಲಗೆಯದೇ. 2019ರಲ್ಲಿ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಮಾಲು ಅನ್ನುವ ಸರ್ಕಾರಿ ಗುರುತು) ಸಿಕ್ಕಿದ ಬೇಳೆ ಇದು. ಆದರೆ ದ್ವೀಪದಲ್ಲಿ ಚೀಲ ಬಿಚ್ಚಿದರೆ ಮೂಲೆಯಲ್ಲೆಲ್ಲ ಬೂಸ್ಟು! ಗೋಣಿ ಒಳಗೆ ಪ್ಲಾಸ್ಟಿಕ್ ಚೀಲ ಹಾಕಿಸಿದರೂ ಅದೇ ಕಥೆ.

ಕೊನೆಗೆ ದೋಣಿ ನಿಲ್ಲುವ ಬಂದರಿನ ಧಕ್ಕೆಗೇ ಹೋಗಿ ಲೋಡಿಂಗ್ ನೋಡಿದೆ. ಹಮಾಲರು ಚೀಲದ ಮೂಲೆಗೆ ಕಬ್ಬಿಣದ ಕೊಕ್ಕೆ ಚುಚ್ಚಿ ಎಳೆಯುತ್ತಿದ್ದರು, ಗೋಣಿ ತೂತು ಮುಚ್ಚಿಕೊಳ್ಳುತ್ತದೆ, ಒಳಗಿನ ಪ್ಲಾಸ್ಟಿಕ್ ಹರಿದದ್ದು ಹಾಗೇ ಉಳಿಯುತ್ತದೆ, ಸಮುದ್ರದ ತೇವ ಅಲ್ಲಿಂದಲೇ ಒಳಗೆ. ಕೇಳಿದರೆ ಒಬ್ಬರು ನಕ್ಕರು: "50 ಕಿಲೋ ಕೊಕ್ಕೆ ಇಲ್ಲದೆ ಎಳೆಯೋದು ಹೇಗೆ ಮಾರಾಯ್ರೆ?" ಸರಿಯಾದ ಮಾತೇ ಅಲ್ವಾ.

ಹಾಗಾಗಿ 25 ಕಿಲೋ ಚೀಲ ಮಾಡಿಸಿದೆ. ಹೆಗಲ ಮೇಲೆ ಆರಾಮಾಗಿ ಹೋಗುತ್ತದೆ, ಕೊಕ್ಕೆ ಬೇಡ. ಹಮಾಲಿ ಚೀಲದ ಲೆಕ್ಕ, ಖರ್ಚು ಜಾಸ್ತಿಯಾಯ್ತು, ಆದರೆ ಮಾಲು ವಾಪಸ್ ಬರುವುದಕ್ಕಿಂತ ವಾಸಿ. ಜೊತೆಗೆ ತಂಡೇಲರನ್ನು (ಮಂಜಿ ನಡೆಸುವ ಮುಖ್ಯಸ್ಥರನ್ನು) ಕೇಳಿಕೊಂಡು ಚೀಲದ ಕೆಳಗೆ ಮರದ ಪಟ್ಟಿ ಹಾಕಿಸುತ್ತೇವೆ, ಯಾಕೆಂದರೆ ಹಲಗೆ ಸಂದಿಯಿಂದ ಸ್ವಲ್ಪ ನೀರು ಜಿನುಗಿ ತಳದಲ್ಲಿ ನಿಲ್ಲುತ್ತದೆ. ದೋಣಿಯ ಪಕ್ಕಕ್ಕೂ ಚೀಲ ತಾಗಬಾರದು.

ಇನ್ನೊಂದು, ಲಾರಿಗೆ ಹಾಕುವ ಮೊದಲೇ ಬೇಳೆ ಕಚ್ಚಿ ನೋಡಿ. ಕಟ್ ಅಂತ ಮುರಿಯಬೇಕು. ಮೆತ್ತಗಿದ್ದರೆ ಇನ್ನೂ ಬಿಸಿಲಿಗೆ ಹಾಕಿ, ನಮ್ಮಲ್ಲಿ ಬಿಸಿಲಿಗೇನು ಬರವೇ!